ತೋಟದ ಓತಿಯೂ ಸ್ಪರ್ಧೆಗೆ ಹೋಗಬಹುದು

ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ ಮಿಂಚುಳ್ಳಿಯ ಫೋಟೊಕ್ಕೆ ಊರಿಡೀ ಮೆಚ್ಚುಗೆ. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಅದನ್ನೇ ಫ್ರೇಮ್ ಹಾಕಿಸಿ ಅತಿಥಿಗಳಿಗೆ ಕೊಟ್ಟದ್ದೂ ಉಂಟು. ಅದೇ ಫೋಟೊ ಸ್ಪರ್ಧೆಗೆ ಹೋದರೆ ಮೂರು ತಿಂಗಳ ಬಳಿಕ ಎರಡು ಸಾಲಿನ ಇಮೇಲ್ ಬರುತ್ತದೆ: ನಿಮ್ಮ ಚಿತ್ರ ಆಯ್ಕೆಯಾಗಿಲ್ಲ, ಭಾಗವಹಿಸಿದ್ದಕ್ಕೆ ಧನ್ಯವಾದ. ಯಾಕೆ ಆಯ್ಕೆಯಾಗಲಿಲ್ಲ ಎಂದು ಯಾರೂ ಬರೆಯುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕ್ಯಾಮೆರಾ ಹಿಡಿದು ನಾಲ್ಕೈದು ವರ್ಷವಾದ ಅನೇಕರು ನಿಂತುಬಿಡುವುದು ಇಲ್ಲೇ. ಕೆಲವರು ಇನ್ನೂ ಉದ್ದದ ಲೆನ್ಸ್ ಹುಡುಕುತ್ತಾರೆ, ಕೆಲವರು ಸಾಲ ಮಾಡಿ ಕಬಿನಿ ಸಫಾರಿ ಬುಕ್ ಮಾಡುತ್ತಾರೆ. ಎರಡೂ ಖರ್ಚಿನ ದಾರಿ. ಆ ಇಮೇಲ್ ಯಾಕೆ ಬಂತು ಎಂಬುದಕ್ಕೆ ಎರಡರಲ್ಲೂ ಉತ್ತರ ಸಿಗುವುದಿಲ್ಲ.

ಮೊದಲು ಎದುರಿಗಿರುವ ಗುಂಪಿನ ಗಾತ್ರ ತಿಳಿದಿರಲಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಈಗ ನಡೆಸುತ್ತಿರುವ ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ 1965ರಲ್ಲಿ ಒಂದು ಪತ್ರಿಕೆಯ ಸ್ಪರ್ಧೆಯಾಗಿ ಶುರುವಾದಾಗ ಬಂದ ಚಿತ್ರಗಳು 361. 2025ರ ಸ್ಪರ್ಧೆಗೆ ಬಂದದ್ದು 60,636. ಪ್ರದರ್ಶನದ ಗೋಡೆಗೇರುವುದು ಅದರಲ್ಲಿ ನೂರು. ಆರುನೂರಕ್ಕೆ ಒಂದು ಎಂದಾದ ಮೇಲೆ, ಒಂದು ಸಲ ಆಯ್ಕೆಯಾಗದ್ದನ್ನು ಫೋಟೊದ ಗುಣಮಟ್ಟದ ಬಗ್ಗೆ ಬಂದ ತೀರ್ಪು ಎಂದು ಓದಿಕೊಳ್ಳಬೇಕಾಗಿಲ್ಲ.

ಕನ್ನಡನಾಡಿಗೆ ಈ ಲೋಕ ಹೊಸದೂ ಅಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಫಿಲ್ಮ್ ರೋಲಿನ ಕಾಲದಲ್ಲೇ ಪ್ರಿಂಟುಗಳನ್ನು ಅಂಚೆಯಲ್ಲಿ ಹೊರದೇಶದ ಸಲಾನ್‌ಗಳಿಗೆ, ಅಂದರೆ ಸ್ಪರ್ಧೆಯ ರೂಪದ ಛಾಯಾಚಿತ್ರ ಪ್ರದರ್ಶನಗಳಿಗೆ, ಕಳುಹಿಸಿ ಹೆಸರು ಮಾಡಿದವರು. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇಂದಿಗೂ ಸಲಾನ್ ನಡೆಸುತ್ತದೆ, ಹೊಸಬರಿಗೆ ಕಲಿಸುತ್ತದೆ.

ಇನ್ನು ಗೆದ್ದ ಚಿತ್ರಗಳನ್ನೇ ನೋಡಿ. ಲಂಡನ್ ಸ್ಪರ್ಧೆಯ ಅಗ್ರ ಪ್ರಶಸ್ತಿ 2022ರಲ್ಲಿ ಹೋದದ್ದು ಟೆಕ್ಸಾಸಿನ ಮರಳಿನ ಮೇಲೆ ಉರುಳುವ ಜೇನ್ನೊಣಗಳ ಉಂಡೆಗೆ. 2023ರಲ್ಲಿ ಕುದುರೆಲಾಳದ ಆಕಾರದ ಒಂದು ಕಡಲಜೀವಿಗೆ. 2024ರಲ್ಲಿ ಕೆನಡಾದ ಕೆರೆಯೊಂದರಲ್ಲಿ ಈಜುವ ಗೊದಮೊಟ್ಟೆಗಳ ಹಿಂಡಿಗೆ. ಹೌದು, ಗೊದಮೊಟ್ಟೆ, ಮಳೆ ಹಿಡಿದ ಮೇಲೆ ಬೆಳ್ತಂಗಡಿಯ ಯಾವ ಗದ್ದೆಯಲ್ಲಿ ಬೊಗಸೆಯೊಡ್ಡಿದರೂ ಸಿಗುವಂಥದ್ದು. 2020ರಲ್ಲಿ ಹುಲಿಯೇ ಗೆದ್ದಿತ್ತು, ನಿಜ. ಅದನ್ನು ಹಿಡಿಯಲು ರಷ್ಯಾದ ಸೆರ್ಗೆಯ್ ಗೋರ್ಶ್ಕೋವ್ ಕಾಡಿನಲ್ಲಿ ಅಡಗಿಸಿಟ್ಟ ಕ್ಯಾಮೆರಾಗಳ ಜತೆ ಹನ್ನೊಂದು ತಿಂಗಳು ಕಾದಿದ್ದರು.

ಇದಕ್ಕಿಂತ ಹತ್ತಿರದ ಉದಾಹರಣೆ ಬೆಂಗಳೂರಿನದು. 2021ರಲ್ಲಿ ಇದೇ ಸ್ಪರ್ಧೆಯ ಕಿರಿಯರ ಅಗ್ರ ಪ್ರಶಸ್ತಿ ಪಡೆದ ವಿದ್ಯುನ್ ಆರ್. ಹೆಬ್ಬಾರ್‌ಗೆ ಆಗ ಹತ್ತು ವರ್ಷ. ಮನೆಯ ಸಮೀಪದ ಥೀಮ್ ಪಾರ್ಕಿನ ಗೋಡೆಯ ಸಂದಿಯಲ್ಲಿ ಗುಮ್ಮಟದ ಹಾಗೆ ಬಲೆ ಕಟ್ಟಿದ್ದ ಜೇಡ ಆತನ ವಿಷಯ. ಹಿಂದಿನಿಂದ ಹಾದುಹೋದ ಆಟೊರಿಕ್ಷಾದ ಬಣ್ಣಗಳೇ ಆ ಚಿತ್ರದ ಹಿನ್ನೆಲೆ. ಕಾಡಿಲ್ಲ, ಜೀಪಿಲ್ಲ, ಗೈಡ್ ಇಲ್ಲ.

ಹಿತ್ತಿಲು ಕೊಡುವ ಅನುಕೂಲ

ಹಿತ್ತಿಲಿನ ಜೀವಿಗಳ ಚಿತ್ರ ಯಾಕೆ ಗೆಲ್ಲುತ್ತದೆ? ತೀರ್ಪುಗಾರರಿಗೆ ಜೇಡದ ಮೇಲೆ ವಿಶೇಷ ಪ್ರೀತಿ ಇದೆಯೆಂದೇನಲ್ಲ. ಲೆಕ್ಕ ಬೇರೆಯೇ ಇದೆ. ಸಫಾರಿ ರಸ್ತೆಯಲ್ಲಿ ನಡೆದು ಬರುವ ಹುಲಿಯ ಚಿತ್ರ ಒಂದೇ ಸ್ಪರ್ಧೆಗೆ ನೂರಾರು ಬರುತ್ತವೆ. ಅಲ್ಲಿ ನಿಮ್ಮ ಫೋಟೊ ಪೈಪೋಟಿ ನಡೆಸಬೇಕಾದದ್ದು ವರ್ಷಕ್ಕೆ ಐವತ್ತು ಸಫಾರಿ ಮಾಡುವವರ ಜತೆ. ಜೀಪಿನ ಎತ್ತರ ಒಂದೇ, ಹೊರಡುವ ಸಮಯ ಒಂದೇ, ಪಕ್ಕದ ಜೀಪಿನವನ ಕೋನವೂ ಹೆಚ್ಚುಕಡಿಮೆ ಅದೇ. ಅಡಿಕೆ ತೋಟದಲ್ಲಿ ಹಾಗಲ್ಲ. ಬೆಳಗ್ಗೆ ಆರೂವರೆಗೆ ಬೆಳಕು ಯಾವ ಸಾಲಿನ ಮೇಲೆ ಬೀಳುತ್ತದೆ ಎಂಬುದು ತೋಟದವರಿಗೇ ಗೊತ್ತು. ಇವತ್ತು ತಪ್ಪಿದ್ದು ನಾಳೆ ಸಿಗುತ್ತದೆ. ಬೇಕಾದರೆ ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿ ತೆಗೆಯಬಹುದು. ನೋಡಿ ನಗುವವರು ಮನೆಯವರೇ.

ಹಾರುವ ಓತಿಯನ್ನೇ ತೆಗೆದುಕೊಳ್ಳಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆಲ್ಲ ಅದರ ಹೆಸರು ಗೊತ್ತು. ಕಾದಂಬರಿಯಲ್ಲಿ ಅದನ್ನು ಹುಡುಕಿಕೊಂಡು ಕಾಡು ನುಗ್ಗಬೇಕಾಯಿತು. ತೇಜಸ್ವಿ ಬದುಕಿದ್ದ ಮೂಡಿಗೆರೆಯಿಂದ ಚಾರ್ಮಾಡಿ ಇಳಿದು ಬಂದರೆ ಅದೇ ಓತಿ ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡು ಇರುವೆ ಹೆಕ್ಕುತ್ತಿರುತ್ತದೆ. ಮರದ ಬಣ್ಣದಲ್ಲೇ ಬೆರೆತುಹೋಗುವ ಮೈ, ಗಂಡಿನ ಕೊರಳಿನಲ್ಲಿ ಬಿಚ್ಚಿ ಮಡಚುವ ಹಳದಿ ಪಟ್ಟಿ, ಮರದಿಂದ ಮರಕ್ಕೆ ತೇಲುವಾಗ ಅರಳುವ ರೆಕ್ಕೆಯಂಥ ಚರ್ಮ, ಮೊಟ್ಟೆಯಿಡಲು ನೆಲಕ್ಕಿಳಿಯುವ ಹೆಣ್ಣು. ಇದು ಒಂದು ವರ್ಷದ ಕೆಲಸಕ್ಕೆ ಸಾಕಾಗುವಷ್ಟು ಸಾಮಗ್ರಿ. ಲಂಡನ್ನಿನಲ್ಲಿ ಕೂತ ತೀರ್ಪುಗಾರರು ಹುಲಿಯಷ್ಟು ಸಲ ಇದನ್ನು ನೋಡಿರಲಾರರು.

ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ತುಂಬೆ ಅಣೆಕಟ್ಟಿನ ಹಿನ್ನೀರಿನ ನೀರುಹಕ್ಕಿಗಳು, ಶಿಶಿಲದ ಹೊಳೆಯಲ್ಲಿ ಭಕ್ತರ ಕಾಲಿಗೆ ಮುತ್ತುವ ದೇವರ ಮೀನು, ಗೇರು ಗುಡ್ಡದ ನವಿಲು, ಮುರಕಲ್ಲಿನ ಪಾರೆಯ ಮೇಲೆ ಮಳೆಗಾಲದಲ್ಲಿ ಮಾತ್ರ ಅರಳುವ ಪುಟ್ಟ ಹೂಗಳು. ಮೂಡುಬಿದಿರೆ ಸಮೀಪದ ಬೆಳುವಾಯಿಯಲ್ಲಿ 2013ರಲ್ಲಿ ತೆರೆದ ಸಮ್ಮಿಲನ್ ಶೆಟ್ಟಿ ಅವರ ಚಿಟ್ಟೆ ಉದ್ಯಾನ ಇನ್ನೊಂದು ಪಾಠಶಾಲೆ. ಯಾವ ಚಿಟ್ಟೆ ಯಾವ ಗಿಡಕ್ಕೆ ಮೊಟ್ಟೆಯಿಡುತ್ತದೆ ಎಂದು ಅಲ್ಲಿ ಒಮ್ಮೆ ಕಲಿತರೆ ನಿಮ್ಮ ಬೇಲಿಯಲ್ಲೇ ಆ ಗಿಡ ಕಾಣಿಸತೊಡಗುತ್ತದೆ.

ತೀರ್ಪುಗಾರರ ಕಣ್ಣಿನಲ್ಲಿ

ಮೊದಲ ಸುತ್ತಿನಲ್ಲಿ ಒಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಕೆಂಡು. ಹೆಸರು, ಊರು ಕಾಣಿಸುವುದಿಲ್ಲ. ಮೂರು ಗಂಟೆ ಜಿಗಣೆ ಕಚ್ಚಿಸಿಕೊಂಡು ಕೂತದ್ದೂ ಕಾಣಿಸುವುದಿಲ್ಲ. ಹಾಗಾಗಿ ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂಬುದು ಚಿತ್ರದಲ್ಲೇ ಸ್ಪಷ್ಟವಾಗಿರಬೇಕು. ಇದಕ್ಕೊಂದು ಸುಲಭ ಪರೀಕ್ಷೆ: ಫೋಟೊವನ್ನು ಮೊಬೈಲಿನ ಗ್ಯಾಲರಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ನೋಡಿ. ಏನು ನಡೆಯುತ್ತಿದೆ ಎಂದು ಆ ಗಾತ್ರದಲ್ಲೂ ಗೊತ್ತಾದರೆ ಮೊದಲ ಸುತ್ತು ದಾಟುವ ಸಾಧ್ಯತೆ ಉಂಟು.

ಎರಡನೆಯ ಸುತ್ತಿನಲ್ಲಿ ಮೂರು ವಿಷಯ ತೂಗುತ್ತವೆ: ವರ್ತನೆ, ಆವರಣ, ಬೆಳಕು. ಕೊಂಬೆಯ ಮೇಲೆ ಸುಮ್ಮನೆ ಕೂತ ಹಕ್ಕಿ ಎಷ್ಟೇ ಚೂಪಾಗಿದ್ದರೂ ಅದು ಗುರುತಿನ ಚೀಟಿಯ ಫೋಟೊ. ಬೆಂಗಳೂರಿನ ಗಣೇಶ್ ಎಚ್. ಶಂಕರ್ 2016ರಲ್ಲಿ ಲಂಡನ್ ಸ್ಪರ್ಧೆಯ ಹಕ್ಕಿಗಳ ವಿಭಾಗದಲ್ಲಿ ಗೆದ್ದದ್ದು ಗಿಳಿಗಳ ಚಿತ್ರಕ್ಕೆ. ಗಿಳಿಗಿಂತ ಸಾಮಾನ್ಯ ಹಕ್ಕಿ ಯಾವುದು? ಆದರೆ ಆ ಗಿಳಿಗಳ ಪೊಟರೆಗೆ ಉಡವೊಂದು ನುಗ್ಗಿ ಕೂತಿತ್ತು, ಗಿಳಿ ಅದರ ಬಾಲ ಕಚ್ಚಿ ಎಳೆಯುತ್ತಿತ್ತು. ಅದೇ ವರ್ಷ ನಗರ ವಿಭಾಗದಲ್ಲಿ ಮುಂಬೈಯ ನಯನ್ ಖಾನೋಲ್ಕರ್ ಗೆದ್ದದ್ದು ಆರೆ ಕಾಲೊನಿಯ ಓಣಿಯಲ್ಲಿ ರಾತ್ರಿ ನುಸುಳುವ ಚಿರತೆಗೆ. ಚಿರತೆ ಚೌಕಟ್ಟಿನ ತುಂಬ ಕಾಣದಂತೆ, ಮನೆಗಳ ನಡುವೆ ಒಂದು ಜೀವವಾಗಿ ಕಾಣುವಂತೆ ಕ್ಯಾಮೆರಾ ಇಟ್ಟು ಅವರು ನಾಲ್ಕು ತಿಂಗಳು ಕಾದರು. ನಾಯಿ ಹುಡುಕಿಕೊಂಡು ಅಂಗಳಕ್ಕೆ ಬರುವ ಚಿರತೆ ನಮ್ಮ ಜಿಲ್ಲೆಗೂ ಹೊಸತಲ್ಲ. ಆದರೆ ನಮ್ಮಲ್ಲಿ ಹರಿದಾಡುವ ಹೆಚ್ಚಿನ ಚಿರತೆ ಫೋಟೊಗಳು ಬಾವಿಗೆ ಬಿದ್ದ ಮೇಲಿನವು.

ಯಾವ ಬಾಗಿಲು ತಟ್ಟಬೇಕು

ಹೊಸಬರಿಗೆ ಸಲಾನ್‌ಗಳು ಒಳ್ಳೆಯ ಮೆಟ್ಟಿಲು. ಅಲ್ಲಿ ಪದಕದ ಕೆಳಗೆ ‘ಸ್ವೀಕೃತ’ ಎಂಬ ದೊಡ್ಡ ಪಟ್ಟಿಯೂ ಇರುತ್ತದೆ, ಹೆಚ್ಚಿನ ಕಡೆ ತೀರ್ಪುಗಾರರ ಅಂಕವನ್ನೂ ತಿಳಿಸುತ್ತಾರೆ. ಅಂಕ ಗಡಿಯ ಸಮೀಪ ಬಂದು ನಿಂತಿತೋ ಪಾತಾಳಕ್ಕೆ ಇಳಿಯಿತೋ ಎಂದು ಗೊತ್ತಾಗುವುದೇ ಲಾಭ. 1950ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಒಕ್ಕೂಟ ಫಿಯಾಪ್, 1934ರ ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ, ಭಾರತದ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ ಇಂಥ ಸಲಾನ್‌ಗಳಿಗೆ ಮಾನ್ಯತಾ ಸಂಖ್ಯೆ ಕೊಡುತ್ತವೆ. ಶುಲ್ಕ ಕಟ್ಟುವ ಮೊದಲು ಆ ಸಂಖ್ಯೆ ನಿಜವೇ ಎಂದು ಸಂಸ್ಥೆಯ ಜಾಲತಾಣದಲ್ಲೇ ನೋಡಿ.

ಭಾರತದಲ್ಲೇ ನಡೆಯುವ ಸ್ಯಾಂಕ್ಚುರಿ ಮತ್ತು ನೇಚರ್ ಇನ್‌ಫೋಕಸ್ ಪ್ರಶಸ್ತಿಗಳು ಇನ್ನೊಂದು ಹಂತ. ಅಲ್ಲಿ ಸಂರಕ್ಷಣೆಯ ಕಥೆ ಹೇಳುವ ಚಿತ್ರಕ್ಕೂ ಜಾಗ ಇದೆ. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹದ ಆಸುಪಾಸಿನಲ್ಲಿ ಅರಣ್ಯ ಇಲಾಖೆ ಕರೆಯುವ ಸ್ಪರ್ಧೆಗಳ ಪ್ರಕಟಣೆಗೂ ಪತ್ರಿಕೆಯಲ್ಲಿ ಕಣ್ಣಿಟ್ಟಿರಿ. ಶುಲ್ಕವಿಲ್ಲದೆ ಪ್ರಪಂಚದ ವೇದಿಕೆ ನೋಡಬೇಕೆಂದರೆ ಕಾಮೆಡಿ ವೈಲ್ಡ್‌ಲೈಫ್ ಪ್ರಶಸ್ತಿ, ಸೋನಿ ವರ್ಲ್ಡ್ ಫೋಟೊಗ್ರಫಿ ಪ್ರಶಸ್ತಿ ಇವೆ. ಲಂಡನ್ ಸ್ಪರ್ಧೆಯಲ್ಲಿ 17 ವರ್ಷದವರೆಗಿನ ಮಕ್ಕಳಿಗೆ ಶುಲ್ಕವಿಲ್ಲ. ಶಾಲೆಗಳಲ್ಲಿ ಈ ವಿಷಯ ತಿಳಿದವರು ಕಡಿಮೆ.

ಕಂಬಳದ ಕೋಣ ಯಾಕೆ ಸಲ್ಲದು

ಒಳ್ಳೆಯ ಚಿತ್ರ ತಪ್ಪು ವಿಭಾಗಕ್ಕೆ ಹೋಗಿ ಬೀಳುವುದು ಸಾಮಾನ್ಯ. ಸಲಾನ್‌ಗಳಲ್ಲಿ ‘ನಿಸರ್ಗ’ ಎಂಬ ಮಾತಿಗೆ ಬರಹದಲ್ಲಿಟ್ಟ ವ್ಯಾಖ್ಯೆ ಇದೆ. ಫಿಯಾಪ್, ಅಮೆರಿಕದ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ ಒಪ್ಪಿದ್ದು, 2015ರ ಜನವರಿಯಿಂದ ಜಾರಿಗೆ ಬಂದದ್ದು. ಅದನ್ನು ನಮ್ಮ ಊರಿಗೆ ಹೊಂದಿಸಿ ನೋಡಿದರೆ ಹೀಗೆ.

ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ-ಚೆನ್ನಯ ಕಂಬಳದ ಕೋಣ, ಕೆಸರು, ನೀರಿನ ಗೋಡೆ, ಎಲ್ಲ ಸೊಗಸು. ಆದರೆ ಸಾಕುಪ್ರಾಣಿ ನಿಸರ್ಗ ವಿಭಾಗಕ್ಕೆ ಬರುವುದಿಲ್ಲ. ಆ ಚಿತ್ರ ಪ್ರವಾಸ ಅಥವಾ ಪತ್ರಿಕಾ ಛಾಯಾಗ್ರಹಣದ ವಿಭಾಗಕ್ಕೆ ಹೋಗಲಿ. ಪಿಲಿಕುಳ ಮೃಗಾಲಯದ ಹುಲಿ ‘ವನ್ಯಜೀವಿ’ ವಿಭಾಗದಲ್ಲಿ ಅನರ್ಹ, ಬೇಲಿ ಕಾಣದಿದ್ದರೂ ಅನರ್ಹ. ಅಡಿಕೆ ಮರದ ಮೇಲಿನ ಓತಿ ಸಲ್ಲುತ್ತದೆ, ಅದು ತಾನಾಗಿ ಒಗ್ಗಿಕೊಂಡ ನೆಲೆ. ಬರೀ ಅಡಿಕೆ ಗೊನೆ ಸಲ್ಲದು, ಅದು ಬೆಳೆ. ಮನುಷ್ಯನ ಕುರುಹು ಕಥೆಯ ಭಾಗವಾಗಿದ್ದರೆ ಮಾತ್ರ ಇರಬಹುದು: ಹಂಚಿನ ಮಾಡಿನಡಿ ಬೀಡುಬಿಟ್ಟ ಗೂಬೆ ಸರಿ, ಹಕ್ಕಿಯ ಹಿಂದೆ ಸುಮ್ಮನೆ ಹಾದುಹೋದ ಕರೆಂಟಿನ ತಂತಿ ಸರಿಯಲ್ಲ.

ಕಾರಿಂಜದ ಮಂಗಗಳದ್ದು ಸ್ವಲ್ಪ ನಾಜೂಕಿನ ಲೆಕ್ಕ. ಕಾರಿಂಜೇಶ್ವರ ಬೆಟ್ಟದಲ್ಲಿ ಅವುಗಳಿಗೆ ನೈವೇದ್ಯದ ಅನ್ನ ಇಡುವುದು ಹಳೆಯ ಪದ್ಧತಿ. ಮಂಗ ಕಾಡಿನದೇ, ಆದರೆ ಅನ್ನ ಮನುಷ್ಯ ಕೊಟ್ಟದ್ದು. ಅದನ್ನು ಮುಚ್ಚಿಟ್ಟು ‘ಕಾಡಿನ ಊಟ’ ಎಂದು ಶೀರ್ಷಿಕೆ ಕೊಟ್ಟರೆ ಸುಳ್ಳಾಗುತ್ತದೆ. ದೇವಸ್ಥಾನದ ಪದ್ಧತಿಯನ್ನೇ ವಿವರಿಸಿ ಮನುಷ್ಯ-ಪ್ರಾಣಿ ಸಂಬಂಧದ ವಿಭಾಗಕ್ಕೆ ಕಳುಹಿಸಿದರೆ ಅದೇ ಚಿತ್ರಕ್ಕೆ ತೂಕ ಬರುತ್ತದೆ.

ಹೆಜ್ಜೆಗಳು

1. ಒಂದು ಜೀವಿ, ಒಂದು ಜಾಗ, ಒಂದು ವರ್ಷ ಎಂದು ಗೊತ್ತುಮಾಡಿಕೊಳ್ಳಿ. ಸಣ್ಣ ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಬೆಳಕು, ಕಂಡ ವರ್ತನೆ ಬರೆದಿಡಿ. ಎರಡು ತಿಂಗಳಲ್ಲಿ ಓತಿ ಯಾವ ಮರಕ್ಕೆ ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಪುಸ್ತಕವೇ ಹೇಳತೊಡಗುತ್ತದೆ. 2025ರ ಲಂಡನ್ ಪ್ರಶಸ್ತಿ ಗೆದ್ದ ದಕ್ಷಿಣ ಆಫ್ರಿಕದ ವಿಮ್ ವಾನ್ ಡೆನ್ ಹೀವರ್ ಪಾಳುಬಿದ್ದ ಊರಿನ ಕತ್ತೆಕಿರುಬವೊಂದರ ಚಿತ್ರಕ್ಕಾಗಿ ಹತ್ತು ವರ್ಷ ಹಿಂದೆ ಬಿದ್ದಿದ್ದರು. ಒಂದು ವರ್ಷ ದೊಡ್ಡದೇನಲ್ಲ.

2. ಮೂಲ ಕಡತ ಅಂದರೆ ರಾ ಫೈಲ್ ಅಳಿಸಬೇಡಿ. ಅಂತಿಮ ಸುತ್ತಿಗೆ ಬಂದ ಮೇಲೆ ದೊಡ್ಡ ಸ್ಪರ್ಧೆಗಳೆಲ್ಲ ಅದನ್ನೇ ಕೇಳುತ್ತವೆ. ಕೊಡಲಾಗದಿದ್ದರೆ ಚಿತ್ರ ಅಲ್ಲಿಗೇ ಹೊರಗೆ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ, ಒಂದು ಇನ್ನೊಬ್ಬರ ಮನೆಯಲ್ಲಿರಲಿ. ಸಿಡಿಲಿಗೆ ಮೀಟರ್ ಬೋರ್ಡೇ ಸುಟ್ಟುಹೋಗುವ ಊರು ಇದು.

3. ಆರಿಸುವುದನ್ನು ತಡಮಾಡಿ. ತೆಗೆದ ದಿನ ಎಲ್ಲ ಫೋಟೊವೂ ಚಂದವೇ, ಯಾಕೆಂದರೆ ಆ ದಿನದ ಖುಷಿ ಇನ್ನೂ ಆರಿರುವುದಿಲ್ಲ. ತಿಂಗಳು ಬಿಟ್ಟು ನೋಡಿ. ಸಾವಿರದಿಂದ ಐವತ್ತು, ಐವತ್ತರಿಂದ ಹತ್ತು. ಆ ಹತ್ತನ್ನು ಹೊಗಳದ ಒಬ್ಬರಿಗೆ ತೋರಿಸಿ. ಅಂಥ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ, ನಾವೇ ತಪ್ಪಿಸಿಕೊಂಡು ತಿರುಗುವುದು.

4. ನಿಯಮಾವಳಿಯನ್ನು ಪ್ರತಿ ಸಲ ಹೊಸದಾಗಿ ಓದಿ. ಹೋದ ವರ್ಷ ನಡೆದದ್ದು ಈ ವರ್ಷ ನಡೆಯಬೇಕೆಂದಿಲ್ಲ. ಮುಖ್ಯವಾಗಿ ನೋಡಬೇಕಾದವು: ಚಿತ್ರ ತೆಗೆದ ಕಾಲದ ಮಿತಿ, ಬೇರೆಡೆ ಬಹುಮಾನ ಪಡೆದ ಚಿತ್ರಕ್ಕೆ ಅವಕಾಶ ಇದೆಯೇ, ಫೈಲಿನ ಅಳತೆ, ಒಂದಕ್ಕಿಂತ ಹೆಚ್ಚು ಚಿತ್ರ ಬೆಸೆಯಬಹುದೇ. ಮೇ ತಿಂಗಳ ಮಿಣುಕುಹುಳಗಳ ಚಿತ್ರ ತೆಗೆಯುವವರು ಈ ಕೊನೆಯದನ್ನು ಎರಡು ಸಲ ಓದಬೇಕು. ಇಪ್ಪತ್ತು ನಿಮಿಷದಲ್ಲಿ ತೆಗೆದ ಅರವತ್ತು ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂರಿಸಿದ ಚಿತ್ರ ಕೆಲವು ಕಡೆ ಸಲ್ಲುತ್ತದೆ, ಕೆಲವು ಕಡೆ ಇಲ್ಲ.

5. ತಿದ್ದುವುದಕ್ಕೆ ಗೆರೆ ಹಾಕಿಕೊಳ್ಳಿ. ಬೆಳಕು, ಬಣ್ಣ ಹದಮಾಡುವುದು, ಅಂಚು ಕತ್ತರಿಸುವುದು, ಸೆನ್ಸರಿನ ಧೂಳು ಒರೆಸುವುದು ಸಾಮಾನ್ಯವಾಗಿ ಸರಿ. ಅಡ್ಡ ಬಂದ ಕಡ್ಡಿ ಅಳಿಸುವುದು, ಇಲ್ಲದ ಚಂದ್ರನನ್ನು ತರುವುದು, ಕೃತಕ ಬುದ್ಧಿಮತ್ತೆಯಿಂದ ಹಿನ್ನೆಲೆ ತುಂಬಿಸುವುದು ಸಲ್ಲದು. ಮೊಬೈಲ್ ಆ್ಯಪ್‌ಗಳು ಕೇಳದೆಯೇ ಚಿತ್ರ ತಿದ್ದುತ್ತವೆ, ಅಲ್ಲೂ ಗಮನವಿರಲಿ.

6. ವಿವರಣೆ ಬರೆಯುವುದನ್ನು ಕೊನೆಯ ಗಳಿಗೆಗೆ ಬಿಡಬೇಡಿ. ‘ಪ್ರಕೃತಿಯ ಸೌಂದರ್ಯ’ ಎಂಬ ಶೀರ್ಷಿಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಜೀವಿಯ ವೈಜ್ಞಾನಿಕ ಹೆಸರು, ಅದು ಏನು ಮಾಡುತ್ತಿತ್ತು, ನೀವು ಎಷ್ಟು ದೂರದಲ್ಲಿ ಹೇಗೆ ಕೂತಿದ್ದಿರಿ ಎಂಬುದು ನಾಲ್ಕು ವಾಕ್ಯದಲ್ಲಿ ಬರಲಿ. ಹೆಸರು ಗೊತ್ತಾಗದಿದ್ದರೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಚಿತ್ರ ಹಾಕಿದರೆ ತಿಳಿದವರು ಗುರುತಿಸಿ ಕೊಡುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಮೊದಲು ಕನ್ನಡದಲ್ಲೇ ಬರೆದು, ಆಮೇಲೆ ಬಲ್ಲವರಿಂದ ಇಂಗ್ಲಿಷಿಗೆ ತರಿಸಿ.

7. ಕಡೆಯ ದಿನಕ್ಕೆ ಮೂರು ದಿನ ಮೊದಲೇ ಅಪ್‌ಲೋಡ್ ಮಾಡಿ. ಮಳೆ ಬಂತೆಂದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದು ದಿಡುಪೆ, ನೆರಿಯದವರಿಗೆ ಹೇಳಿಕೊಡಬೇಕಾಗಿಲ್ಲ.

ಎಡವುವ ಜಾಗಗಳು

ಬರೆಯದೇ ಬಿಟ್ಟರೂ ಎಲ್ಲರಿಗೂ ಗೊತ್ತಿರುವ ತಪ್ಪುಗಳಿವೆ: ಮೂಲೆಯಲ್ಲಿ ಹೆಸರಿನ ವಾಟರ್‌ಮಾರ್ಕ್, ಸುತ್ತ ಕಪ್ಪು ಚೌಕಟ್ಟು, ಒಂದೇ ಹಕ್ಕಿಯ ಒಂದೇ ಭಂಗಿಯ ನಾಲ್ಕು ಚಿತ್ರ. ಇವುಗಳಿಗಿಂತ ದುಬಾರಿಯಾದ ಒಂದು ತಪ್ಪು ಪ್ರಾಣಿಯನ್ನು ‘ಸಿದ್ಧಪಡಿಸುವುದು’. ಕಪ್ಪೆಯನ್ನು ಹಿಡಿದು ತಂದು ಚಂದದ ಎಲೆಯ ಮೇಲೆ ಕೂರಿಸುವವರು, ಅಲುಗಾಡದಿರಲಿ ಎಂದು ಹುಳವನ್ನು ಫ್ರಿಜ್ಜಿನಲ್ಲಿಡುವವರು, ಗೂಬೆ ಎರಗಲಿ ಎಂದು ಇಲಿಯನ್ನು ಕಟ್ಟುವವರು ಎಲ್ಲ ಕಡೆ ಇದ್ದಾರೆ. ಬಲ್ಲ ತೀರ್ಪುಗಾರರಿಗೆ ಇದು ಚಿತ್ರದಲ್ಲೇ ಕಾಣುತ್ತದೆ: ಆ ಕಪ್ಪೆ ಹಗಲು ಹಾಗೆ ಕೂರುವುದಿಲ್ಲ, ಆ ಹಾವು ಆ ಗಿಡದಲ್ಲಿ ಇರುವುದಿಲ್ಲ.

ಲಂಡನ್ನಿನಲ್ಲೇ ಎರಡು ಸಲ ಹೀಗಾಗಿದೆ. 2009ರ ಅಗ್ರ ಪ್ರಶಸ್ತಿ ಪಡೆದ ಸ್ಪೇನಿನ ಹೊಸೆ ಲೂಯಿಸ್ ರೊಡ್ರಿಗೆಸ್ ಅವರ ಗೇಟು ಹಾರುವ ತೋಳ ಪಳಗಿಸಿದ್ದಿರಬೇಕು ಎಂದು ತೀರ್ಪುಗಾರರು ನಿರ್ಧರಿಸಿ, 2010ರ ಜನವರಿಯಲ್ಲಿ ಪ್ರಶಸ್ತಿ ಹಿಂಪಡೆದರು. 2017ರಲ್ಲಿ ಗೆದ್ದ ಬ್ರೆಜಿಲ್‌ನ ಮಾರ್ಸಿಯೊ ಕಾಬ್ರಾಲ್ ಅವರ ಚಿತ್ರದಲ್ಲಿದ್ದ ಇರುವೆಭಕ್ಷಕ ಪ್ರಾಣಿ, ಅಲ್ಲಿನ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದ ಬೊಂಬೆಗೆ ತದ್ರೂಪವಾಗಿತ್ತು. ಐವರು ವಿಜ್ಞಾನಿಗಳು ಬೇರೆಬೇರೆಯಾಗಿ ಹೋಲಿಸಿ ನೋಡಿದ ಮೇಲೆ 2018ರಲ್ಲಿ ಅದನ್ನೂ ಅನರ್ಹಗೊಳಿಸಲಾಯಿತು. ಇಬ್ಬರೂ ಆರೋಪವನ್ನು ಅಲ್ಲಗಳೆದರು. ಪ್ರಶಸ್ತಿ ಮಾತ್ರ ಮರಳಲಿಲ್ಲ.

ಇನ್ನೊಂದು ತಪ್ಪು ಹಣದ್ದು. ಮಾನ್ಯತೆಯಿಲ್ಲದ ಕೆಲವು ಸ್ಪರ್ಧೆಗಳಲ್ಲಿ ಶುಲ್ಕ ಕಟ್ಟಿದ ಹೆಚ್ಚುಕಡಿಮೆ ಎಲ್ಲರಿಗೂ ‘ವಿಶೇಷ ಮೆಚ್ಚುಗೆ’ ಬರುತ್ತದೆ. ಪ್ರಮಾಣಪತ್ರ, ಫಲಕ, ಪುಸ್ತಕ ಬೇಕಾದರೆ ಮತ್ತೆ ದುಡ್ಡು. ತೀರ್ಪುಗಾರರ ಹೆಸರು ಮೊದಲೇ ಪ್ರಕಟಿಸದ, ಹಿಂದಿನ ವರ್ಷದ ಗೆದ್ದ ಚಿತ್ರಗಳನ್ನು ತೋರಿಸದ ಕಡೆ ಹೋಗದಿರುವುದು ಲೇಸು. ಹಕ್ಕುಗಳ ಕಲಮನ್ನೂ ಓದಿ. ಸ್ಪರ್ಧೆಯ ಪ್ರಚಾರಕ್ಕೆ ಚಿತ್ರ ಬಳಸುವುದು ನ್ಯಾಯ. ಬಂದ ಎಲ್ಲ ಚಿತ್ರಗಳನ್ನು ಯಾವ ಕಾಲಕ್ಕೂ ಯಾವ ವ್ಯಾಪಾರಕ್ಕೂ ಬಳಸುವೆವು ಎಂದು ಬರೆದಿದ್ದರೆ, ಅವರಿಗೆ ಬೇಕಾದದ್ದು ಸ್ಪರ್ಧೆ ಅಲ್ಲ, ಪುಕ್ಕಟೆ ಫೋಟೊ ಭಂಡಾರ.

ಎಚ್ಚರ

ಗೂಡಿನ ವಿಷಯ ಎಲ್ಲಕ್ಕಿಂತ ಮೊದಲು. ಮಳೆಗಾಲದಲ್ಲಿ ತೋಡಿನ ದರೆಗೆ ಬಿಲ ಕೊರೆದು ಮರಿಮಾಡುವ ಮೂರು ಬೆರಳಿನ ಪುಟ್ಟ ಮಿಂಚುಳ್ಳಿ ಬಹಳ ಚಂದದ ಹಕ್ಕಿ. ಅದರ ಬಿಲದ ಎದುರು ಕೋಲು ನೆಟ್ಟು, ಹತ್ತು ಜನ ಸಾಲಾಗಿ ಕೂತು ಫ್ಲ್ಯಾಶ್ ಹಾರಿಸಿದರೆ ತಾಯಿಹಕ್ಕಿ ಆಹಾರ ತರುವುದನ್ನೇ ನಿಲ್ಲಿಸುತ್ತದೆ, ಕಾಗೆಗೂ ಹಾವಿಗೂ ಬಿಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ಇದು ಬರೀ ಸಭ್ಯತೆಯ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ, ಪ್ರಾಣಿಗೆ ಆಮಿಷ ಒಡ್ಡುವುದೂ ಸೇರಿದೆ. ಹಲವು ಸ್ಪರ್ಧೆಗಳು ಗೂಡಿನ ಚಿತ್ರವನ್ನು ನೋಡದೆಯೇ ಬದಿಗಿಡುತ್ತವೆ.

ಗಡಾಯಿಕಲ್ಲು, ಬಂಡಾಜೆ ಅರ್ಬಿ ಕಡೆ ಹೋಗುವವರು ನೆನಪಿಡಬೇಕಾದದ್ದು: ಇವು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯವು. ಅರಣ್ಯ ಇಲಾಖೆಯ ಟಿಕೆಟ್ ಅಥವಾ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ರಾತ್ರಿ ನಡಿಗೆ, ಡ್ರೋನ್, ಕ್ಯಾಮೆರಾ ಟ್ರ್ಯಾಪ್ ಯಾವುದನ್ನೂ ಕಾಡಿನಲ್ಲಿ ಸ್ವಂತ ನಿರ್ಧಾರದಿಂದ ಮಾಡಬೇಡಿ. ಅನುಮತಿ ಪತ್ರದ ಪ್ರತಿ ಇಟ್ಟುಕೊಂಡಿದ್ದರೆ ಸ್ಪರ್ಧೆಯವರು ಕೇಳಿದಾಗ ತೋರಿಸಲೂ ಆಗುತ್ತದೆ. ಶಿಶಿಲ, ಚಾರ್ಮಾಡಿ ಭಾಗದ ತೋಟಗಳಿಗೆ ಆನೆ ಇಳಿಯುವುದುಂಟು. ಫೋಕಸ್ ಸಿಗಲಿಲ್ಲ ಎಂದು ಇನ್ನೆರಡು ಹೆಜ್ಜೆ ಮುಂದಿಡುವ ಪ್ರಾಣಿ ಅದಲ್ಲ.

ನಾಗಬನಗಳು ಹಳೆಯ ಮರ, ಜೇಡ, ಅಣಬೆಗಳಿಗೆ ಒಳ್ಳೆಯ ಜಾಗ. ಆದರೆ ಬನ ಯಾವುದೋ ಮನೆತನದ್ದು, ಅದಕ್ಕೆ ಅದರದೇ ಕಟ್ಟುಕಟ್ಟಳೆ ಇದೆ. ಮನೆಯವರನ್ನು ಕೇಳಿ, ಅವರು ಹೊರಗಿನಿಂದ ತೆಗೆಯಿರಿ ಎಂದರೆ ಹೊರಗೇ ನಿಲ್ಲಿ. ಅಪರೂಪದ ಕಪ್ಪೆ, ಹಾವು ಸಿಕ್ಕಿದ ಜಾಗದ ಲೊಕೇಶನ್ನನ್ನು ಫೋಟೊ ಜತೆ ಹಂಚಬೇಡಿ. ತಾಲೂಕಿನ ಹೆಸರು ಸಾಕು.

ಕೊನೆಗೆ ಕ್ಯಾಮೆರಾದ ಆರೋಗ್ಯ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಅಗ್ಗದ ತೇವಾಂಶ ಮಾಪಕ. ಮುಳ್ಳು ನಲವತ್ತರಿಂದ ಐವತ್ತರ ನಡುವೆ ಇರಲಿ. ಚರ್ಮದ ಬ್ಯಾಗಿನಲ್ಲಿಟ್ಟು ಕಪಾಟಿಗೆ ಹಾಕಿದರೆ ಆಟಿ ಕಳೆಯುವಷ್ಟರಲ್ಲಿ ಗಾಜಿನೊಳಗೆ ಜೇಡರಬಲೆ ಕಟ್ಟಿರುತ್ತದೆ.

ಈ ಊರಿನ ಕ್ಯಾಲೆಂಡರ್

ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರಿಸಿದ ಬೂರುಗದ ಮರದಲ್ಲಿ ಹೂ ಇರುತ್ತದೆ. ಬೆಳಗ್ಗಿನ ಒಂದು ಗಂಟೆಯಲ್ಲಿ ಹತ್ತು ಬಗೆಯ ಹಕ್ಕಿ ಅಲ್ಲೇ ಬಂದುಹೋಗುತ್ತವೆ. ಏಪ್ರಿಲ್, ಮೇ ಮಂಗಟ್ಟೆಗಳು ಮರಿಮಾಡುವ ಕಾಲ. ಗೂಡಿರುವ ಮರದಿಂದ ದೂರ ಇದ್ದು, ಹಣ್ಣಿನ ಮರಗಳ ಬಳಿ ಕಾಯಿರಿ. ಪತ್ತನಾಜೆಯ ಆಸುಪಾಸಿನಲ್ಲಿ ಮೊದಲ ಮಳೆ ಬಿದ್ದ ರಾತ್ರಿಯಿಂದ ಕಪ್ಪೆಗಳ ಸಭೆ. ಟಾರ್ಚಿಗೆ ತೆಳು ಕಾಗದ ಕಟ್ಟಿ ಬೆಳಕು ಮಂದ ಮಾಡಿಕೊಳ್ಳಿ, ಒಂದು ಕಪ್ಪೆಗೆ ನಾಲ್ಕೈದು ಕ್ಲಿಕ್ ಮೀರಬೇಡಿ. ಆಟಿ, ಸೋಣದಲ್ಲಿ ಅಣಬೆ ಮತ್ತು ಗದ್ದೆಯ ಗೊದಮೊಟ್ಟೆ. ಸೆಪ್ಟೆಂಬರ್ ಕಳೆದು ಬಿಸಿಲು ಹರಡಿದೊಡನೆ ಚಿಟ್ಟೆಗಳು. ರಾಜ್ಯದ ಚಿಟ್ಟೆಯೆನಿಸಿದ ಸಹ್ಯಾದ್ರಿಯ ದೊಡ್ಡ ರೆಕ್ಕೆಯ ಚಿಟ್ಟೆ ಬೇಲಿಯ ಹೂವಿಗೂ ಬರುತ್ತದೆ.

ಅಷ್ಟರಲ್ಲಿ ಅಕ್ಟೋಬರ್. ಲಂಡನ್ ಸ್ಪರ್ಧೆಯ ಪ್ರವೇಶ ಸಾಮಾನ್ಯವಾಗಿ ಆಗಲೇ ತೆರೆದು ಡಿಸೆಂಬರಿನಲ್ಲಿ ಮುಚ್ಚುತ್ತದೆ. ಪತ್ತನಾಜೆಯ ರಾತ್ರಿಯ ಕಪ್ಪೆಗಳ ಫೋಟೊ ಹಾರ್ಡ್ ಡಿಸ್ಕಿನಲ್ಲಿ ಕೂತು ಐದು ತಿಂಗಳಾಗಿರುತ್ತದೆ. ಆ ಫೋಲ್ಡರ್ ತೆರೆದು ನೋಡಲು ಸರಿಯಾದ ಹೊತ್ತು.